ಒರಟು ಅಕ್ಷರದ ಒರಟು ಎಲ್ಲಿರಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಗ್ರಾಫಿಕ್ ವಿನ್ಯಾಸದ ಕೆಲಸ ಮಾಡುತ್ತೇನೆ. ಗೆಳೆಯರ ಹವ್ಯಾಸಿ ತಂಡವೊಂದು ‘ಊರ ಮುಂದಿನ ಮರ’ ಎಂಬ ನಾಟಕವನ್ನು ರವೀಂದ್ರ ಕಲಾಕ್ಷೇತ್ರದಲ್ಲಿ ಆಡಲಿದೆ. ಅದರ ಭಿತ್ತಿಪತ್ರಕ್ಕೆ ದಪ್ಪನೆಯ, ಒರಟಾದ, ಹಳೆಯ ಅಚ್ಚಿನಂತೆ ಕಾಣುವ ಅಕ್ಷರ ಬೇಕಿತ್ತು. ಇಂಗ್ಲಿಷಿನಲ್ಲಿ ಅಂಥ ಫಾಂಟುಗಳು ರಾಶಿ ರಾಶಿ ಇವೆ. ಕನ್ನಡದಲ್ಲಿ ಮನಸ್ಸಿಗೆ ಒಪ್ಪುವಂಥದ್ದು ಸಿಗದೆ, ಒಂದು ದಪ್ಪ ಯೂನಿಕೋಡ್ ಫಾಂಟಿಗೆ ಇಲಸ್ಟ್ರೇಟರಿನ ರಫನ್ ಎಫೆಕ್ಟ್ ಕೊಟ್ಟು, ಮೇಲೆ ಧೂಳಿನ ಟೆಕ್ಸ್ಚರ್ ಹಾಕಿದೆ. ಪರದೆಯ ಮೇಲೆ ಚೆನ್ನಾಗಿಯೇ ಇತ್ತು. ಎ3 ಅಳತೆಯಲ್ಲಿ ಮಾದರಿ ಪ್ರತಿ ತೆಗೆದು ತೋರಿಸಿದಾಗ ತಂಡದ ಹಿರಿಯರೊಬ್ಬರು ‘ಯಾವ ಮಠದ ಕಥೆಯಪ್ಪ ಇದು?’ ಎಂದು ಕೇಳಿದರು. ಉಳಿದವರಿಗೂ ಅದು ಒರಟಾಗಿ ಕಾಣದೆ ಕೊಳಕಾಗಿ ಕಂಡಿತು. ತಪ್ಪು ಎಲ್ಲಿದೆ? ಇಂಥ ಅಕ್ಷರವನ್ನು ಮಾಡಿಕೊಳ್ಳುವುದು ಹೇಗೆ? ಮುಂದೆ ಇದನ್ನೇ ಪೂರ್ಣ ಫಾಂಟಾಗಿ ಬೆಳೆಸಬಹುದೇ? ಮಾದರಿ ಪ್ರತಿಯ ಚಿತ್ರವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಹಿರಿಯರು ತಮಾಷೆ ಮಾಡಿರಲಾರರು, ಕಣ್ಣೆದುರು ಇದ್ದುದನ್ನೇ ಓದಿದ್ದಾರೆ. ನೀವು ಕಳಿಸಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ‘ಮರ’ದ ರಕಾರದ ಹೊಟ್ಟೆಯೊಳಗೆ, ಹೆಚ್ಚುಕಡಿಮೆ ನಟ್ಟನಡುವೆ, ಧೂಳಿನ ಟೆಕ್ಸ್ಚರಿನ ಒಂದು ಕಪ್ಪು ಚುಕ್ಕೆ ಬಿದ್ದಿದೆ. ಇಂಗ್ಲಿಷಿನ ‘ಓ’ ಅಕ್ಷರದ ಹೊಟ್ಟೆಯಲ್ಲಿ ಅಂಥ ಹತ್ತು ಚುಕ್ಕೆ ಬಿದ್ದರೂ ಅದು ‘ಓ’ ಆಗಿಯೇ ಉಳಿಯುತ್ತದೆ, ಸ್ವಲ್ಪ ಕೊಳೆಯಾದ ‘ಓ’ ಅಷ್ಟೆ. ಕನ್ನಡದಲ್ಲಿ ರಕಾರದ ಹೊಟ್ಟೆಗೆ ಚುಕ್ಕೆ ಬಿದ್ದರೆ ಅದು ಠಕಾರ. ಮರ ಮಠವಾಗುವುದಕ್ಕೆ ಅಷ್ಟೇ ಸಾಕು.

ರಫನ್ ಎಫೆಕ್ಟ್ ಮಾಡುವುದು ಇಷ್ಟೆ: ಅಕ್ಷರದ ಹೊರರೇಖೆಯ ಮೇಲೆ ಬಿಂದುಗಳನ್ನು ಹೆಚ್ಚಿಸಿ, ಅವುಗಳನ್ನು ಗೊತ್ತುಗುರಿಯಿಲ್ಲದೆ ಆಚೀಚೆ ಸರಿಸುತ್ತದೆ. ಅದಕ್ಕೆ ರೇಖೆ ಗೊತ್ತು, ಅಕ್ಷರ ಗೊತ್ತಿಲ್ಲ. ತಲಕಟ್ಟಿನ ತುದಿ, ಹೊಟ್ಟೆಯ ಒಳಗೋಡೆ, ಗುಡಿಸಿನ ಸುಳಿ, ಸೊನ್ನೆಯ ಅಂಚು ಎಲ್ಲವೂ ಅದಕ್ಕೆ ಒಂದೇ ಆದ್ದರಿಂದ ಎಲ್ಲ ಕಡೆಯೂ ಒಂದೇ ಪ್ರಮಾಣದ ನಡುಕ ಬರುತ್ತದೆ. ನಮ್ಮ ಕಣ್ಣು ಇದನ್ನು ಒರಟು ಎಂದು ಒಪ್ಪುವುದಿಲ್ಲ, ಏಕೆಂದರೆ ನಾವು ಕಂಡ ಯಾವ ವಸ್ತುವೂ ಎಲ್ಲ ಕಡೆ ಒಂದೇ ಸಮನೆ ಸವೆದಿರುವುದಿಲ್ಲ. ಚೊಂಬು ಅಂಚಿನಲ್ಲಿ ನೆಗ್ಗುತ್ತದೆ, ಹೊಸ್ತಿಲು ನಡುವೆ ತಗ್ಗುತ್ತದೆ, ಮೆಟ್ಟಿಲು ಕಾಲಿಡುವ ಕಡೆ ಮಾತ್ರ ನುಣ್ಣಗಾಗುತ್ತದೆ. ಅಕ್ಷರದ ಒರಟೂ ಹಾಗೆಯೇ ಯಾವುದೋ ಉಪಕರಣ, ಯಾವುದೋ ಮೇಲ್ಮೈ, ಯಾವುದೋ ಬಳಕೆ ಬಿಟ್ಟುಹೋದ ಗುರುತು. ಆದ್ದರಿಂದ ಫಾಂಟು ಹುಡುಕುವ ಮೊದಲು ನೀವು ತೀರ್ಮಾನಿಸಬೇಕಾದದ್ದು ನಿಮ್ಮ ಅಕ್ಷರವನ್ನು ಮಾಡಿದ ಉಪಕರಣ ಯಾವುದು ಎಂಬುದನ್ನು.

ಹಳೆಯ ಅಚ್ಚು ಎಂದು ನೀವು ಬರೆದಿರುವುದರಿಂದ ಮರದ ಅಚ್ಚಿನಿಂದಲೇ ಆರಂಭಿಸುತ್ತೇನೆ. ದೊಡ್ಡ ಅಳತೆಯ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ಮೊಳೆ, ಅಂದರೆ ಅಚ್ಚೊತ್ತುವ ಬಿಡಿ ಅಕ್ಷರದ ತುಂಡು, ವಿಪರೀತ ಭಾರವಾಗುತ್ತದೆ; ಮೇಲಾಗಿ ಲೋಹ ಎಲ್ಲ ಕಡೆ ಒಂದೇ ವೇಗದಲ್ಲಿ ಆರದೆ ಮೊಳೆಯ ಮುಖ ತಗ್ಗುದಿಣ್ಣೆಯಾಗುತ್ತದೆ. ಭಿತ್ತಿಪತ್ರದ ಅಕ್ಷರಗಳು ಮರಕ್ಕೆ ಬಂದದ್ದು ಈ ಕಾರಣಕ್ಕೆ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಯಂತ್ರದಲ್ಲಿ ಕೊರೆದ ಮರದ ಅಕ್ಷರಗಳ ಮೊದಲ ಮಾದರಿ ಪುಸ್ತಕವನ್ನು 1828ರಲ್ಲಿ ಹೊರತಂದರು. ಇಂಥ ಅಕ್ಷರಗಳಿಗೆ ಮೇಪಲ್‌ನಂಥ ಗಟ್ಟಿ ಮರವನ್ನು ಅಡ್ಡಲಾಗಿ ಕೊಯ್ದಾಗ ಸಿಗುವ ಮುಖವನ್ನು ಬಳಸುತ್ತಿದ್ದರು, ಏಕೆಂದರೆ ನಾರು ಉದ್ದಕ್ಕೆ ಹರಿದ ಹಲಗೆಯಲ್ಲಿ ಬಾಗಿದ ರೇಖೆಯನ್ನು ಕೊರೆದರೆ ಅಂಚಿನಲ್ಲಿ ಸಿಬಿರೇಳುತ್ತದೆ. ಇಂಗ್ಲಿಷಿನಲ್ಲಿ ‘ಹಳೆಯ ಮರದ ಅಚ್ಚು’ ಎಂದು ಮಾರುವ ಎಷ್ಟೋ ಫಾಂಟುಗಳಲ್ಲಿ ಅಕ್ಷರದ ಉದ್ದಕ್ಕೂ ನಾರಿನ ಗೆರೆಗಳನ್ನು ಎಳೆದಿರುವುದನ್ನು ನೀವು ನೋಡಿರಬಹುದು. ಅವು ಹಲಗೆಯಲ್ಲಿ ಕೆತ್ತಿದ ಅಗ್ಗದ ಅಚ್ಚಿನ ಲಕ್ಷಣಗಳೇ ಹೊರತು ಒಳ್ಳೆಯ ಅಚ್ಚಿನವಲ್ಲ. ಒಳ್ಳೆಯ ಮರದ ಅಕ್ಷರದ ಪ್ರತಿಯಲ್ಲಿ ಅಂಚು ಬಹುಪಾಲು ಖಡಕ್ಕಾಗಿಯೇ ಇರುತ್ತದೆ. ಒರಟು ಇರುವುದು ಅಕ್ಷರದ ಮೈಯೊಳಗೆ, ಮುಖ ಸವೆದು ಮಸಿ ಸರಿಯಾಗಿ ತಾಗದ ಕಡೆಗಳಲ್ಲಿ, ಮೋಡ ಚದುರಿದಂಥ ತೆಳುಬಿಳಿಯ ಪಟ್ಟೆಗಳಾಗಿ. ಅಂಚಿನಲ್ಲಿ ಪೆಟ್ಟು ಬಿದ್ದಿದ್ದರೆ ಅದು ಹೊರಚಾಚಿದ ಮೂಲೆಗಳಲ್ಲಿ ಮಾತ್ರ, ಏಕೆಂದರೆ ಪೆಟ್ಟಿಗೆಯೊಳಗೆ ಒಂದಕ್ಕೊಂದು ತಾಗುವುದು ಅವೇ.

ಚಿಕ್ಕಪೇಟೆಯ ಬದಿಯ ಗಲ್ಲಿಯೊಂದರ ಹಳೆಯ ಮುದ್ರಣಾಲಯದಲ್ಲಿ, ಮೊಳೆ ಜೋಡಿಸುವ ಕೆಲಸ ನಿಂತುಹೋಗುತ್ತಿದ್ದ ಕಾಲಕ್ಕೆ, ಅಂಗೈಯಗಲದ ಒಂದು ಮರದ ‘ಶ್ರೀ’ಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೆ. ನಾಟಕದ ಭಿತ್ತಿಪತ್ರವಾಗಲಿ, ಜಾತ್ರೆಯದಾಗಲಿ, ‘ಶ್ರೀ’ ಇಲ್ಲದೆ ಆರಂಭವಾಗುತ್ತಿರಲಿಲ್ಲವಾದ್ದರಿಂದ ಇಡೀ ಪೆಟ್ಟಿಗೆಯಲ್ಲಿ ಅದೇ ಹೆಚ್ಚು ಸವೆದಿತ್ತು. ಮೇಲಿನ ಗುಡಿಸಿನ ಬೆನ್ನು ಚಪ್ಪಟೆಯಾಗಿತ್ತು, ದೀರ್ಘದ ಬಾಲದ ತುದಿ ಮುರಿದಿತ್ತು. ಆದರೆ ಎಲ್ಲಕ್ಕಿಂತ ಸೂಕ್ಷ್ಮವೆಂದು ನಾವೆಣಿಸುವ ಕೆಳಗಿನ ರಕಾರದ ಒತ್ತು ಹೊಸದರಂತೆ ಇತ್ತು. ಶಕಾರದ ಹೊಟ್ಟೆಯ ಮರೆಯಲ್ಲಿ, ಕಟ್ಟಿಗೆಯ ಚೌಕದೊಳಗೆ ಕೂತಿದ್ದ ಅದಕ್ಕೆ ಪೆಟ್ಟು ತಾಗಿರಲೇ ಇಲ್ಲ. ನಾನು ಆವರೆಗೆ ಒತ್ತುಗಳನ್ನೇ ಮೊದಲು ಒಡೆಯುತ್ತಿದ್ದೆ, ಅಂದಿನಿಂದ ಬಿಟ್ಟೆ.

ಕಲ್ಲಿನ ವಿಷಯ ಬೇರೆ. ಒರಟು ಕನ್ನಡ ಎಂದೊಡನೆ ಶಾಸನದ ಅಕ್ಷರವನ್ನು ನೆನೆಯುವವರು ಬಹಳ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು 890ರ ವೀರಗಲ್ಲಿದೆ, ‘ಬೆಂಗಳೂರು ಕಾಳಗ’ದ ಉಲ್ಲೇಖವಿರುವ ಶಾಸನ ಅದು, ಒಂದು ಬೆಳಿಗ್ಗೆ, ಓರೆಬಿಸಿಲು ಇರುವಾಗ ಹೋಗಿ ನೋಡಿ. ಅಲ್ಲಿ ಅಕ್ಷರವೆಂದರೆ ಉಳಿ ಎಳೆದ ಒಂದು ಗೀರು, ತಗ್ಗು. ಆ ಗೀರಿಗೆ ದಪ್ಪವೇ ಇಲ್ಲ, ಆದ್ದರಿಂದ ಅದರ ಮೈಯಲ್ಲಿ ಒರಟಿರುವುದಕ್ಕೆ ಜಾಗವೂ ಇಲ್ಲ. ಒರಟೆಲ್ಲ ಸುತ್ತಲಿನ ಕಲ್ಲಿನಲ್ಲಿದೆ. ಶಾಸನದ ಭಾವ ಬೇಕೆನ್ನುವವರು ಹಿನ್ನೆಲೆಗೆ ಟೆಕ್ಸ್ಚರ್ ಕೊಟ್ಟು, ಅಕ್ಷರವನ್ನು ಅದರೊಳಗೆ ತೆಳ್ಳಗೆ, ಸ್ವಚ್ಛವಾಗಿ ಇಡಬೇಕು. ದಪ್ಪ ಅಕ್ಷರದ ಮೈತುಂಬ ಗ್ರಾನೈಟಿನ ಚುಕ್ಕೆ ಸುರಿದರೆ ಅದು ಅಡುಗೆಮನೆಯ ಕಟ್ಟೆಯಂತೆ ಕಾಣುತ್ತದೆ.

ಕಲ್ಲಚ್ಚು, ಅಂದರೆ ನುಣುಪಾದ ಕಲ್ಲಿನ ಮೇಲೆ ಬರೆದದ್ದನ್ನು ಹಾಗೆಯೇ ಕಾಗದಕ್ಕೆ ಒತ್ತುವ ಮುದ್ರಣ, ಇನ್ನೊಂದು ಬಗೆ. ಮಂಗಳೂರಿನಲ್ಲಿ 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಮೊದಲಿಗೆ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅಂದರೆ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಮೊಳೆಗಳಲ್ಲ, ಕೈಬರಹ. ಅಲ್ಲಿ ಒರಟು ಎಂದರೆ ಕೈಯ ಏರಿಳಿತ, ಒಂದೇ ಅಕ್ಷರ ಸಾಲಿಂದ ಸಾಲಿಗೆ ತುಸು ಬದಲಾಗುವುದು. ಕುಂಚದ ಅಕ್ಷರದಲ್ಲಾದರೆ ಒರಟು ಬರುವುದು ಬಣ್ಣ ಮುಗಿಯುವ ಕಡೆ. ರಕಾರವನ್ನು ಬರೆಯುವಾಗ ನಾವು ಹೊಟ್ಟೆಯನ್ನು ಸುತ್ತಿಕೊಂಡು ಕೊನೆಗೆ ತಲಕಟ್ಟಿಗೆ ಬರುತ್ತೇವಾದ್ದರಿಂದ ಕುಂಚ ಒಣಗಿ ಕೂದಲಿನ ಗೆರೆಗಳು ಮೂಡಬೇಕಾದದ್ದು ತಲಕಟ್ಟಿನ ಬಲತುದಿಯಲ್ಲಿ. ಗೋಡೆಬರಹದ ಅನುಕರಣೆಯೆಂದು ಮಾಡಿದ ಎಷ್ಟೋ ಶೀರ್ಷಿಕೆಗಳಲ್ಲಿ ಹೊಟ್ಟೆಯ ಎಡಬದಿ ಒಣಗಿ ತಲಕಟ್ಟು ಒದ್ದೆಯಾಗಿರುತ್ತದೆ. ಬರೆದವರು ಅಕ್ಷರವನ್ನು ಹಿಂದುಮುಂದಾಗಿ ಬರೆದಂತೆ. ಓದುಗರಿಗೆ ಕಾರಣ ಹೇಳಲು ಬಾರದಿರಬಹುದು, ಏನೋ ಸುಳ್ಳು ಎಂಬುದು ಮಾತ್ರ ಗೊತ್ತಾಗಿಬಿಡುತ್ತದೆ. ರಬ್ಬರ್ ಮೊಹರಿನಲ್ಲಿ ಅಂಚಿಗೆ ಮಸಿ ಒತ್ತರಿಸಿ ಕಪ್ಪಗಾಗಿ ನಡುವೆ ತೆಳುವಾಗುತ್ತದೆ. ಅದು ಸರ್ಕಾರಿ ಕಾಗದವನ್ನು ನೆನಪಿಸುವುದರಿಂದ ನಿಮ್ಮ ನಾಟಕಕ್ಕೆ ಬೇಡ.

ಇನ್ನು ಕನ್ನಡದ ಅಕ್ಷರ ಸಹಿಸುವುದೆಷ್ಟು ಎಂಬ ಮಾತು. ನಮ್ಮ ಲಿಪಿಯಲ್ಲಿ ಅಕ್ಷರ ಅಕ್ಷರಗಳ ನಡುವಿನ ಭೇದ ಅನೇಕ ಕಡೆ ಒಂದು ಚುಕ್ಕೆ, ಒಂದು ಸೀಳು, ಒಂದು ಒಳಗೀಟಿನ ಮೇಲೆ ನಿಂತಿದೆ. ರಕಾರ ಮತ್ತು ಠಕಾರದ ವಿಷಯ ನಿಮಗೀಗ ಗೊತ್ತಾಯಿತು. ಹೊಟ್ಟೆ ಸೀಳಿದರೆ ಮಹಾಪ್ರಾಣ ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದು ನೆನಪಿರಬೇಕು: ದಕಾರದ ಬುಡಕ್ಕೊಂದು ಗೀಟು ಬಂದರೆ ಧಕಾರ, ಡಕಾರಕ್ಕೆ ಬಂದರೆ ಢಕಾರ, ಪಕಾರಕ್ಕೆ ಬಂದರೆ ಫಕಾರ. ದಪ್ಪ ಅಕ್ಷರದಲ್ಲಿ ಈ ಗೀಟು ಮೊದಲೇ ಮೊಂಡಾಗಿರುತ್ತದೆ. ಅದರ ಮೇಲೆ ಅಂಚನ್ನು ಕಚ್ಚಿಸಿದರೆ ‘ಧನ’ ‘ದನ’ವಾಗುತ್ತದೆ, ದಕಾರದ ಬುಡದಲ್ಲಿ ಅಕಸ್ಮಾತ್ತಾಗಿ ಬಿರುಕು ಬಿದ್ದರೆ ‘ದನ’ ‘ಧನ’ವಾಗುತ್ತದೆ. ಅಂಗಡಿಯವರಿಗೆ ಎರಡನೆಯದು ಪರವಾಗಿಲ್ಲ ಅನ್ನಿಸಬಹುದು. ಷಕಾರದ ಒಳಗೀಟು ಸವೆದುಹೋದರೆ ಉಳಿಯುವುದು ಪಕಾರ; ‘ಹರ್ಷ’ ಎಂಬ ಹೆಸರನ್ನು ಒಮ್ಮೆ ಹೀಗೆ ಬರೆದು ನೋಡಿ. ಸೊನ್ನೆಯ ಒಳಗಿನ ಬಿಳಿ ತುಂಬಿಕೊಂಡರೆ ಅದು ಒಂದು ಕಲೆಯಾಗಿ ಬಿಡುತ್ತದೆ, ಓದುವವರು ‘ಮುಂದಿನ’ ಎಂಬುದನ್ನು ‘ಮುದಿನ’ ಎಂದು ಓದಿ ಹಿಂದೆ ಬಂದು ಮತ್ತೆ ಓದಬೇಕಾಗುತ್ತದೆ.

ಇದರಿಂದ ನಾನು ಬಹಳ ವರ್ಷ ಪಾಲಿಸಿಕೊಂಡು ಬಂದ ಒಂದು ಕಟ್ಟಳೆ ಇದೆ: ಕಪ್ಪಿನೊಳಗೆ ಬಿಳಿ ಬೀಳಲಿ, ಬಿಳಿಯೊಳಗೆ ಕಪ್ಪು ಬೀಳಬಾರದು. ಅಕ್ಷರದ ಮೈ ಎಷ್ಟು ಬೇಕಾದರೂ ತೂತಾಗಬಹುದು, ಆ ತೂತು ಗೀಟಿನ ದಪ್ಪದ ಎಂಟನೆಯ ಒಂದು ಭಾಗವನ್ನು ಮೀರದಿದ್ದರೆ ಓದಿಗೆ ತೊಂದರೆಯಿಲ್ಲ. ಆದರೆ ಹೊಟ್ಟೆಯ ಬಿಳಿ, ಎರಡು ಸುಳಿಗಳ ನಡುವಿನ ಸಂದು, ತಲಕಟ್ಟಿಗೂ ಹೊಟ್ಟೆಗೂ ಮಧ್ಯದ ಕಂಡಿ ನಿರ್ಮಲವಾಗಿರಬೇಕು. ಬುಡದ ಸೀಳು, ಒಳಚುಕ್ಕೆ, ಒಳಗೀಟುಗಳನ್ನು ಮುಟ್ಟಲೇಬಾರದು. ದಪ್ಪ ಅಕ್ಷರದಲ್ಲಿ ಅವುಗಳನ್ನು ಒರಟು ಮಾಡುವ ಮೊದಲೇ ತುಸು ಹಿಗ್ಗಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಒರಟನ್ನೆಲ್ಲ ಅರ್ಥದ ಹೊರೆ ಇಲ್ಲದ ಜಾಗಕ್ಕೆ ತಳ್ಳಿ: ಹೊಟ್ಟೆಯ ಹೊರಬೆನ್ನು, ತಲಕಟ್ಟಿನ ಮೇಲಂಚು, ಕೊಂಬಿನ ಬಾಲ, ಇಳಿಯ ಉದ್ದನೆಯ ಇಳಿಜಾರು. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಇಂಥ ಹೊರಬೆನ್ನುಗಳಿಗೆ ನಮ್ಮಲ್ಲಿ ಬರವಿಲ್ಲ.

ಒತ್ತಕ್ಷರದ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಪ್ರತಿಯ ಎರಡನೆಯ ಸಾಲು ಕೇಳುತ್ತಿದೆ. ‘ರವೀಂದ್ರ ಕಲಾಕ್ಷೇತ್ರ’ ಎಂಬುದನ್ನೂ ಅದೇ ಒರಟು ಅಕ್ಷರದಲ್ಲಿ, ಶೀರ್ಷಿಕೆಯ ಕಾಲು ಭಾಗದಷ್ಟು ಅಳತೆಯಲ್ಲಿ ಜೋಡಿಸಿದ್ದೀರಿ. ಅದರಲ್ಲಿ ಮೂರು ಒತ್ತುಗಳಿವೆ, ಮೂರೂ ಕೆಸರಿನಲ್ಲಿ ಕಾಲಿಟ್ಟಂತೆ ಕಾಣುತ್ತಿವೆ. ಮೂಲ ಅಕ್ಷರವನ್ನು ಒರಟು ಮಾಡಿ ಅದನ್ನೇ ಕುಗ್ಗಿಸಿ ಒತ್ತು ಮಾಡಿದರೆ ಒರಟಿನ ಕಣವೂ ಕುಗ್ಗುತ್ತದೆ. ಆಗ ಮೇಲಿನ ಅಕ್ಷರವನ್ನು ಒಂದು ಉಳಿಯಲ್ಲಿ, ಕೆಳಗಿನ ಒತ್ತನ್ನು ಸೂಜಿಯಲ್ಲಿ ಕೆತ್ತಿದಂತಾಗುತ್ತದೆ. ಒತ್ತನ್ನು ಮೊದಲು ಕುಗ್ಗಿಸಿ ಆಮೇಲೆ ಮೇಲಿನಷ್ಟೇ ದೊಡ್ಡ ಕಣದಲ್ಲಿ ಒರಟು ಮಾಡಿದರೆ ತೆಳುವಾದ ಗೀಟು ಅಲ್ಲಲ್ಲಿ ಕಡಿದೇ ಹೋಗುತ್ತದೆ. ನಡುವಿನ ದಾರಿಯೆಂದರೆ ಕಣದ ಗಾತ್ರ ಮೇಲೆ ಕೆಳಗೆ ಒಂದೇ ಇರಲಿ, ಆದರೆ ಸಂಖ್ಯೆ ಒತ್ತಿನಲ್ಲಿ ಕಡಿಮೆಯಾಗಲಿ. ಮೇಲಿನ ಅಕ್ಷರದ ಅಂಚನ್ನು ಹತ್ತು ಕಡೆ ಕಚ್ಚಿದ್ದರೆ ಒತ್ತಿನಲ್ಲಿ ಎರಡು ಸಾಕು. ‘ರಾಷ್ಟ್ರ’ದಂತೆ ಒತ್ತಿನ ಜೊತೆಗೆ ಇನ್ನೊಂದು ಒತ್ತು ಬರುವ ಕಡೆ ಒಂದೂ ಬೇಡ. ಅಂದ ಹಾಗೆ ಸ್ಥಳ, ದಿನಾಂಕ, ಸಮಯಗಳನ್ನು ನುಣುಪಾದ ಸಾಧಾರಣ ಅಕ್ಷರದಲ್ಲೇ ಜೋಡಿಸಿ. ಒರಟು ಶೀರ್ಷಿಕೆಗೆ ಬೆಲೆ ಬರುವುದು ಪಕ್ಕದಲ್ಲಿ ನುಣುಪು ಇದ್ದಾಗ.

ಪೂರ್ಣ ಫಾಂಟು ಮಾಡಬಹುದೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ‘ಮಾಡಬಹುದು’ ಎಂದೇ, ಆದರೆ ಅದರ ಮುಂದಿರುವ ಮುಖ್ಯ ತೊಡಕನ್ನು ತಿಳಿದುಕೊಂಡು ಇಳಿಯಿರಿ. ಒರಟು ಫಾಂಟಿನ ಗುಟ್ಟು ಬಯಲಾಗುವುದು ಅಕ್ಷರ ಪುನರಾವರ್ತನೆಯಾದಾಗ. ‘ಕನಕ’ ಎಂದು ಜೋಡಿಸಿದರೆ ಮೊದಲ ಕಕಾರಕ್ಕೂ ಕೊನೆಯ ಕಕಾರಕ್ಕೂ ಒಂದೇ ಜಾಗದಲ್ಲಿ ಒಂದೇ ಆಕಾರದ ಗಾಯ ಇರುತ್ತದೆ. ಓದುಗರ ಕಣ್ಣಿಗೆ ಯಂತ್ರ ಕಾಣಿಸಿಕೊಳ್ಳುವುದು ಆ ಕ್ಷಣದಲ್ಲಿ. ಈ ಸಮಸ್ಯೆ ಲ್ಯಾಟಿನ್ ಅಕ್ಷರದವರಿಗೆ ಬಹು ಹಿಂದೆಯೇ ಹೊಳೆದಿತ್ತು. 1990ರ ಆಸುಪಾಸಿನಲ್ಲಿ ಜಸ್ಟ್ ವಾನ್ ರೋಸಮ್ ಮತ್ತು ಎರಿಕ್ ವಾನ್ ಬ್ಲಾಕ್ಲಂಡ್ ಎಂಬ ಇಬ್ಬರು ಡಚ್ ತರುಣರು ಬೇವುಲ್ಫ್ ಎಂಬ ಫಾಂಟನ್ನು ಮಾಡಿದರು. ಪುಟದ ರೂಪವನ್ನು ಮುದ್ರಕಕ್ಕೆ ತಿಳಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ಯಾದೃಚ್ಛಿಕ ಸಂಖ್ಯೆಯ ಸೌಲಭ್ಯವನ್ನು ಬಳಸಿ, ಮುದ್ರಕ ಒಂದೊಂದು ಸಲ ಅಕ್ಷರವನ್ನು ಮುದ್ರಿಸುವಾಗಲೂ ಅದರ ಅಂಚು ಬೇರೆಯಾಗುವಂತೆ ಮಾಡಿದ್ದರು. ಬೆಂಗಳೂರಿನ ಓದುಗರಿಗೆ ಆಸಕ್ತಿ ಇರಬಹುದಾದ ಮಾತೆಂದರೆ ಈ ಜಸ್ಟ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ಗೀಡೊ ವಾನ್ ರೋಸಮ್ ಅವರ ತಮ್ಮ. ಮುಂದೆ ಬ್ಲಾಕ್ಲಂಡ್ ಅವರು ಹಳೆಯ ಟೈಪ್‌ರೈಟರಿನ ಮಸಿ ಮೆತ್ತಿದ ಅಕ್ಷರಗಳಿಂದ ಟ್ರಿಕ್ಸಿಯನ್ನು 1991ರಲ್ಲಿ ಮಾಡಿದರು. ಕೊಳೆ, ಸವೆತಗಳನ್ನೇ ಅಂದವಾಗಿಸಿಕೊಂಡ ತೊಂಬತ್ತರ ದಶಕದ ಗ್ರಂಜ್ ಶೈಲಿಯ ಅಕ್ಷರಗಳಿಗೆ ಇವೆರಡೂ ಹಿರಿಯಣ್ಣಂದಿರು.

ಬೇವುಲ್ಫಿನ ಉಪಾಯ ಇಂದಿನ ತಂತ್ರಾಂಶಗಳಲ್ಲಿ ನಡೆಯುವುದಿಲ್ಲ. ಈಗಿನ ಉಪಾಯ, ಇಂದು ಬಳಕೆಯಲ್ಲಿರುವ ಫಾಂಟು ಮಾದರಿಯಾದ ಓಪನ್‌ಟೈಪಿನ ಕಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್. ಒಂದೇ ಅಕ್ಷರಕ್ಕೆ ಮೂರು ನಾಲ್ಕು ರೂಪಗಳನ್ನು ಫಾಂಟಿನೊಳಗೇ ಇಟ್ಟು, ಹತ್ತಿರದಲ್ಲಿ ಅದೇ ಅಕ್ಷರ ಬಂದಿದ್ದರೆ ಇನ್ನೊಂದು ರೂಪವನ್ನು ಎತ್ತಿಕೊಳ್ಳುವಂತೆ ನಿಯಮ ಬರೆಯುವುದು. ಇಂಗ್ಲಿಷಿನ 26 ದೊಡ್ಡಕ್ಷರಗಳಿಗೆ ಮೂರು ರೂಪವೆಂದರೆ 78 ಚಿತ್ರ ಸಾಕು. ನಮ್ಮ 34 ವ್ಯಂಜನಗಳ ಕಾಗುಣಿತವನ್ನು 13 ಸ್ವರಗಳೊಡನೆ ಬಿಡಿಬಿಡಿಯಾಗಿ ಬರೆದರೆ 442 ರೂಪಗಳು, ಮೂರು ಪಟ್ಟಿಗೆ 1,326. ಒತ್ತುಗಳು, ಸ್ವರಗಳು, ಅಂಕಿಗಳು ಬೇರೆ. ನುಣುಪಾದ ರಕಾರಕ್ಕೆ ಮೂವತ್ತು ನಲವತ್ತು ಬಿಂದು ಸಾಕಾದರೆ ಒರಟು ರಕಾರಕ್ಕೆ ನಾನೂರು ಬೇಕಾಗಬಹುದು, ಆ ಲೆಕ್ಕದಲ್ಲಿ ಫಾಂಟಿನ ಬಿಂದುಗಳು ಐದು ಲಕ್ಷ ದಾಟುತ್ತವೆ. ಓಪನ್‌ಟೈಪ್ ಒಂದು ಫಾಂಟಿನಲ್ಲಿ 65,535 ಚಿತ್ರಗಳನ್ನು ಸಹಿಸುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಒಂದೊಂದು ಸಾಲು ಜೋಡಿಸಿದಾಗಲೂ ಏದುಸಿರು ಬಿಡುವುದು ನಿಮ್ಮ ಕಂಪ್ಯೂಟರು.

ಇದನ್ನು ತಪ್ಪಿಸಲು ವ್ಯಂಜನ ಬೇರೆ, ಗುಣಿತದ ಚಿಹ್ನೆ ಬೇರೆ ಬರೆದು ಜೋಡಿಸಬಹುದಲ್ಲವೇ ಎಂದು ಕೇಳುತ್ತೀರಿ. ನುಣುಪು ಫಾಂಟುಗಳಲ್ಲಿ ಹಾಗೆಯೇ ಮಾಡುತ್ತಾರೆ, ಅಲ್ಲಿ ಕಪ್ಪಿನ ಮೇಲೆ ಕಪ್ಪು ಬಿದ್ದರೆ ಬೆಸುಗೆ ಕಾಣುವುದಿಲ್ಲ. ಮೈಯಲ್ಲಿ ತೂತುಗಳಿರುವ ಅಕ್ಷರದಲ್ಲಿ ಹಾಗಲ್ಲ: ಮಕಾರದ ತೂತುಗಳ ಮೇಲೆ ಕೊಂಬಿನ ಕಪ್ಪು ಬಂದು ಕೂತಾಗ ಆ ಜಾಗ ಮಾತ್ರ ತುಂಬಿಕೊಂಡು, ನುಣ್ಣನೆಯ ತೇಪೆ ಹಾಕಿದಂತಾಗುತ್ತದೆ. ಆದ್ದರಿಂದ ಬೆಸುಗೆಯ ಜಾಗವನ್ನು ಎರಡೂ ಕಡೆ ತೂತಿಲ್ಲದೆ ಬಿಡಬೇಕು, ಅಥವಾ ತೂತುಗಳನ್ನೇ ಕೈಬಿಟ್ಟು ಅಂಚಿನ ಒರಟಿಗೆ ತೃಪ್ತರಾಗಬೇಕು. ನನ್ನ ಒಲವು ಎರಡನೆಯದರ ಕಡೆಗೆ. ಮೊದಲ ಪ್ರಯತ್ನಕ್ಕೆ ಅಂಚು ಮಾತ್ರ ಒರಟಾದ, ಕಕಾರ ರಕಾರ ನಕಾರದಂತೆ ಪದೇ ಪದೇ ಬರುವ ಹತ್ತು ಹನ್ನೆರಡು ವ್ಯಂಜನಗಳಿಗೆ ಮಾತ್ರ ಬದಲಿ ರೂಪಗಳಿರುವ ಫಾಂಟು ಮಾಡಿ. ಬುನಾದಿಗೆ ಅನೇಕ್ ಕನ್ನಡ, ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡಗಳಂಥ ಮುಕ್ತ ಪರವಾನಗಿಯ ಫಾಂಟುಗಳನ್ನು ಬಳಸಬಹುದು. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅವುಗಳನ್ನು ತಿದ್ದಲು ಬಿಡುತ್ತದೆ, ಆದರೆ ತಿದ್ದಿದ್ದನ್ನು ಅದೇ ಪರವಾನಗಿಯಲ್ಲೇ ಹಂಚಬೇಕು, ಮೂಲದವರು ಹೆಸರನ್ನು ಕಾಯ್ದಿರಿಸಿಕೊಂಡಿದ್ದರೆ ಆ ಹೆಸರನ್ನು ಬಳಸುವಂತಿಲ್ಲ, ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಬಲೂ ತಮ್ಮ ದಪ್ಪಗಿರುವುದೇನೋ ನಿಜ, ಆದರೆ ಅದರ ದುಂಡನೆಯ ಮುಗುಳ್ನಗೆಗೆ ಗಾಯ ಮಾಡಿದರೆ ಮಗುವಿಗೆ ಪೆಟ್ಟು ಬಿದ್ದಂತೆ ಕಾಣುತ್ತದೆ. ಅನೇಕ್ ಕನ್ನಡದ ಅಗಲವನ್ನೂ ದಪ್ಪವನ್ನೂ ಬೇಕಾದಂತೆ ಹೊಂದಿಸಬಹುದಾದ್ದರಿಂದ ನಿಮಗೆ ಅದು ವಾಸಿ.

ಆದರೆ ಈ ಭಿತ್ತಿಪತ್ರಕ್ಕೆ ಫಾಂಟಿನ ಅಗತ್ಯವೇ ಇಲ್ಲ. ‘ಊರ ಮುಂದಿನ ಮರ’ ಎಂದರೆ ಏಳು ಅಕ್ಷರ, ಒಂದು ಸೊನ್ನೆ. ಕೆತ್ತಿ ಅಚ್ಚೊತ್ತಲು ಬಳಸುವ ಲಿನೋ ಹಾಳೆಯಲ್ಲಿ ಒಂದು ಭಾನುವಾರ ಕೂತು ಕೆತ್ತಿದರೆ ಮುಗಿಯಿತು. ಅಕ್ಷರದ ಎತ್ತರ ಸುಮಾರು 60 ಮಿಲಿಮೀಟರ್, ಗೀಟಿನ ದಪ್ಪ 13–14 ಮಿಲಿಮೀಟರ್ ಇಟ್ಟುಕೊಳ್ಳಿ. ಕಾಗದದ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದು, ಮಗುಚಿ, ಕನ್ನಡಿ ಬಿಂಬವಾಗಿ ಲಿನೋಗೆ ಇಳಿಸಿ. ಕನ್ನಡದ ಅಕ್ಷರ ತಿರುಗಿಸಿದಾಗ ಕೈಗೆ ದಿಕ್ಕು ತಪ್ಪುತ್ತದೆ, ಕೊಂಬು ಎಡಕ್ಕೋ ಬಲಕ್ಕೋ ಎಂಬ ಅನುಮಾನ ಬಂದಾಗಲೆಲ್ಲ ಕನ್ನಡಿ ಹಿಡಿದು ನೋಡಿ. ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ವಿ ಆಕಾರದ ಸಣ್ಣ ಉಳಿಯಲ್ಲಿ ಮೊದಲು ಹೊಟ್ಟೆಯ ಒಳಗೋಡೆಯನ್ನು ಬಿಡಿಸಿಕೊಂಡು, ಅಗಲ ಉಳಿಯಿಂದ ಒಳಗಿನದನ್ನೆಲ್ಲ ಆಳವಾಗಿ ತೆಗೆಯಿರಿ. ಹೊರಬದಿಯಲ್ಲಿ ಉಳಿಯ ಗುರುತುಗಳು ಉಳಿದು ಮಸಿ ಹಿಡಿದರೆ ಅದೊಂದು ಸೊಗಸು. ಹೊಟ್ಟೆಯಲ್ಲಿ ಉಳಿದರೆ ಮತ್ತೆ ಮಠ.

ಎರಡು ರಕಾರಕ್ಕೆ ಎರಡು ಅಚ್ಚು ಕೆತ್ತಬೇಕಿಲ್ಲ. ರೋಲರಿನಲ್ಲಿ ಒಮ್ಮೆ ಮಸಿ ಹಚ್ಚಿ, ಮತ್ತೆ ಹಚ್ಚದೆ ಮೂರು ಪ್ರತಿ ತೆಗೆಯಿರಿ. ಮೊದಲನೆಯದರಲ್ಲಿ ಮಸಿ ಹೆಚ್ಚಾಗಿ ಅಂಚು ಉಬ್ಬಿರುತ್ತದೆ, ಎರಡನೆಯದು ಹದವಾಗಿರುತ್ತದೆ, ಮೂರನೆಯದರಲ್ಲಿ ಮಸಿ ಬತ್ತಿ ಕಾಗದದ ಉಬ್ಬುತಗ್ಗು ಬಿಳಿಯಾಗಿ ಮೂಡುತ್ತದೆ. ಈ ಎರಡನೆಯ ಮತ್ತು ಮೂರನೆಯ ಪ್ರತಿಗಳಲ್ಲಿ ನಿಮ್ಮ ಎರಡು ರಕಾರಗಳೂ ಎರಡು ಮಕಾರಗಳೂ ಸಿಕ್ಕವು. ‘ಮರ’ಕ್ಕೆ ಮೂರನೆಯದನ್ನು ಬಳಸುವುದು ನನಗಿಷ್ಟ, ಸಾಲು ಮುಂದೆ ಹೋದಂತೆ ಮಸಿ ತೀರುತ್ತ ಬಂದಂತೆ ಕಾಣುತ್ತದೆ. ಪ್ರತಿಗಳನ್ನು ಇಂಚಿಗೆ 1,200 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿ, ಬೂದುಬಣ್ಣ ಉಳಿಯದಂತೆ ಶುದ್ಧ ಕಪ್ಪುಬಿಳುಪಿಗೆ ಇಳಿಸಿ, ಹೊಟ್ಟೆಗಳನ್ನು ಒಂದೊಂದಾಗಿ ಸ್ವಚ್ಛ ಮಾಡಿ. ಛಾಯಾಚಿತ್ರಕ್ಕೆ ಸಾಕಾಗುವ 300 ಪಿಕ್ಸೆಲ್‌ನಲ್ಲಿ ಬೂದುಬಣ್ಣದ ಅಂಚು ಉಳಿಸಿಕೊಂಡರೆ ಆಫ್‌ಸೆಟ್‌ನಲ್ಲಿ ಅದು ಚುಕ್ಕೆಜಾಲವಾಗಿ ಒಡೆದು, ನೀವು ಕಷ್ಟಪಟ್ಟು ತಂದ ಒರಟು ಮಬ್ಬಾಗಿ ಹೋಗುತ್ತದೆ. ಪ್ರತಿಗಳು ನೂರಿನ್ನೂರಾದರೆ ಸ್ಕ್ರೀನ್ ಪ್ರಿಂಟಿಂಗ್ ಚೆಂದ, ಆದರೆ ಅಲ್ಲಿ ತೀರ ಸಣ್ಣ ಬಿಳಿಚುಕ್ಕೆಗಳು ಬಣ್ಣ ಹರಡಿ ಮುಚ್ಚಿಕೊಳ್ಳುತ್ತವೆ. ಅರ್ಧ ಮಿಲಿಮೀಟರಿಗಿಂತ ಚಿಕ್ಕವನ್ನು ಮೊದಲೇ ಅಳಿಸಿ.

ಇದೇ ಅಕ್ಷರವನ್ನು ಯಾರಾದರೂ ಅಂಗಡಿಯ ಫಲಕಕ್ಕೆ ಕೇಳಿದರೆ ಒಂದು ಎಚ್ಚರಿಕೆ. ನಾಮಫಲಕದ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯಾದ ಮೇಲೆ ಊರಿನಲ್ಲಿ ದಪ್ಪ ಕನ್ನಡಕ್ಕೆ ಬೇಡಿಕೆ ಬಂದಿದೆ, ಜೊತೆಗೆ ಜಾಗ ತುಂಬಿಸಲು ಅಕ್ಷರವನ್ನು ಅಡ್ಡಡ್ಡ ಎಳೆದು ಹಿಗ್ಗಿಸುವ ಚಾಳಿಯೂ. ಕೆಲವು ವರ್ಷಗಳ ಹಿಂದೆ ಕಾಫಿಪುಡಿಯ ಅಂಗಡಿಯೊಂದಕ್ಕೆ ನಾನು ಮೈತುಂಬ ತೂತುಗಳ ಒರಟು ಅಕ್ಷರ ಮಾಡಿಕೊಟ್ಟು, ವಿನೈಲ್ ಕತ್ತರಿಸಲು ಕಳಿಸಿದ್ದೆ. ಯಂತ್ರದ ಅಲಗು ಒಂದೊಂದು ಚುಕ್ಕೆಯ ಸುತ್ತಲೂ ನಿಷ್ಠೆಯಿಂದ ತಿರುಗಿತು. ಆ ಚುಕ್ಕೆಗಳನ್ನು ಸೂಜಿಯಿಂದ ಎಬ್ಬಿಸಿ ತೆಗೆಯುತ್ತ ಇಬ್ಬರು ಹುಡುಗರು ರಾತ್ರಿ ಹತ್ತರವರೆಗೆ ಕೂತರು. ಮುಂದಿನ ಮಳೆಗಾಲಕ್ಕೆ ಅಂಚಿನ ಚೂಪುಗಳೆಲ್ಲ ಎದ್ದು ಸುರುಟಿಕೊಂಡವು. ಕತ್ತರಿಸುವ, ಕೊರೆಯುವ, ಬೆಳಕು ತುಂಬುವ ಯಾವ ಕೆಲಸಕ್ಕೂ ಒಳಗೆ ತೂತಿಲ್ಲದ, ಅಂಚು ಮಾತ್ರ ಮೊಂಡಾಗಿ ಒರಟಾದ ರೂಪವನ್ನೇ ಕೊಡಿ.

ಅಂತಿಮ ಮುದ್ರಣಕ್ಕೆ ಕಳಿಸುವ ಮೊದಲು ಸಾದಾ ಕಾಗದದಲ್ಲಿ ಒಂದು ಎ3 ಪ್ರತಿ ತೆಗೆದು, ಕಲಾಕ್ಷೇತ್ರದ ಆಸುಪಾಸಿನ ಯಾವುದಾದರೂ ಗೋಡೆಗೆ ಹಿಡಿಸಿ, ಜೆ.ಸಿ. ರಸ್ತೆಯ ಎದುರು ಬದಿಯ ಪಾದಚಾರಿ ಮಾರ್ಗದಲ್ಲಿ ನಿಂತುಕೊಳ್ಳಿ. ನಾಟಕದ ಹೆಸರು ತಿಳಿಯದ ಯಾರಿಗಾದರೂ ತೋರಿಸಿ, ಏನು ಬರೆದಿದೆ ಎಂದು ಕೇಳಿ. ನಿಮ್ಮ ತಂಡದವರನ್ನು ಕೇಳಬೇಡಿ, ಅವರಿಗೆ ಹೆಸರು ಗೊತ್ತು. ಉತ್ತರ ‘ಮರ’ ಎಂದು ಬಂದರೆ ಕಡತವನ್ನು ಕಳಿಸಿಬಿಡಿ. ಇನ್ನೂ ‘ಮಠ’ವೇ ಬಂದರೆ ಎರಡನೆಯ ರಕಾರದ ಹೊಟ್ಟೆಗೆ ಇನ್ನೊಮ್ಮೆ ಉಳಿ ಹಾಕಿ.